ಕಂತಿನ ತಾರೀಖಿಗೆ ಹೊಂದಿಕೊಳ್ಳುವ ಮನೆ

ಸಾಲ ಕೊಡಲು ಬಂದವರನ್ನು ಮನೆಯ ಹೆಂಗಸರು ಮೊದಲು ಕೇಳುವುದು ಬಡ್ಡಿ ಎಷ್ಟು ಎಂದಲ್ಲ. ‘ಕಂತು ಎಷ್ಟು ಬೀಳುತ್ತೆ? ಯಾವ ವಾರ ಕಟ್ಟಬೇಕು?’ ಅನ್ನುತ್ತಾರೆ. ಓದಿದವರಿಗೆ ಇದು ಲೆಕ್ಕ ಬಾರದವರ ಮಾತಿನಂತೆ ಕೇಳಿಸುತ್ತದೆ. ಆದರೆ ಶೇಕಡಾ ಇಷ್ಟು ಎಂಬ ದರ ಕಾಗದದಲ್ಲಿ ಕೂತಿರುತ್ತದೆ. ಮಂಗಳವಾರ ಸಂಜೆ ಅಂಗಡಿಯಲ್ಲಿ ಅರ್ಧ ಕೆಜಿ ಬೇಳೆ ಕಟ್ಟಿಸಬೇಕೋ ಕಾಲು ಕೆಜಿ ಸಾಕೋ ಎಂದು ತೀರ್ಮಾನಿಸುವುದು ಬುಧವಾರ ಬೆಳಗಿನ ಕಂತು.

ಮನೆಗೆ ಬರುವ ದುಡ್ಡಿಗೆ ಅದರದೇ ಲಯ ಇರುತ್ತದೆ. ಡೇರಿಯ ಬಟವಾಡೆ ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಬರುತ್ತದೆ. ಗಾರೆ ಕೆಲಸದ ಕೂಲಿ ಶನಿವಾರ, ಗಾರ್ಮೆಂಟ್ಸ್ ಸಂಬಳ ತಿಂಗಳ ಮೊದಲ ವಾರ ದಾಟಿದ ಮೇಲೆ, ರೇಷ್ಮೆಗೂಡಿನ ದುಡ್ಡು ಬೆಳೆಗೊಮ್ಮೆ, ರಾಗಿ ಭತ್ತದ್ದು ವರ್ಷಕ್ಕೊಮ್ಮೆ. ಸಾಲಕ್ಕೂ ಒಂದು ಲಯ ಇದೆ: ವಾರದ್ದು, ತಿಂಗಳದ್ದು, ವರ್ಷದ ಕೊನೆಗೆ ಒಟ್ಟಿಗೆ ಕಟ್ಟುವಂಥದ್ದು. ಎರಡೂ ಕೂಡಿಬಂದರೆ ಶೇ 24ರ ಸಾಲವೂ ಮನೆಯಲ್ಲಿ ಸದ್ದು ಮಾಡುವುದಿಲ್ಲ. ಕೂಡಿಬರದಿದ್ದರೆ ಶೂನ್ಯ ಬಡ್ಡಿಯ ಸಾಲವೂ ಒಡವೆಯನ್ನು ಗಿರವಿ ಅಂಗಡಿಗೆ ಕಳಿಸುತ್ತದೆ. ನಡುವಿನ ಅಂತರ ತುಂಬಲು ಮನೆಯವರು ಮಾಡುವ ಸರ್ಕಸ್ಸನ್ನು ನೋಡಿದರೆ ಸಾಲ ದಿನನಿತ್ಯದ ಬದುಕನ್ನು ಹೇಗೆ ತಿದ್ದುತ್ತದೆ ಎಂಬುದು ತಿಳಿಯುತ್ತದೆ.

ಹಸು ತರಲು ಪಡೆಯುವ ಸಂಘದ ಸಾಲವನ್ನೇ ತೆಗೆದುಕೊಳ್ಳಿ. ವರ್ಷಕ್ಕೆ ಶೇ 24ರಂತೆ, ಉಳಿದ ಅಸಲಿನ ಮೇಲೆ ಬಡ್ಡಿ ಲೆಕ್ಕ ಹಾಕುವ 60,000 ರೂಪಾಯಿ ಸಾಲ, 104 ವಾರದ ಅವಧಿ. ವಾರದ ಕಂತು ಸುಮಾರು 730 ರೂಪಾಯಿ ಬೀಳುತ್ತದೆ. ಹಸು ದಿನಕ್ಕೆ 12 ಲೀಟರ್ ಕೊಡುತ್ತಿದೆ, ಮನೆಗೆ 1 ಲೀಟರ್ ಇಟ್ಟುಕೊಂಡು 11 ಲೀಟರ್ ಡೇರಿಗೆ ಹಾಕುತ್ತಾರೆ ಎನ್ನೋಣ. ಲೀಟರಿಗೆ 35 ರೂಪಾಯಿ ಹಿಡಿದರೆ ವಾರಕ್ಕೆ 2,695. ಹಿಂಡಿಯ ಲೆಕ್ಕ ಹೀಗೆ: ಹಸುವಿನ ಮೈಗೆ 1.5 ಕೆಜಿ, ಅದರ ಮೇಲೆ ಪ್ರತಿ 2.5 ಲೀಟರ್ ಹಾಲಿಗೆ 1 ಕೆಜಿ. ಒಟ್ಟು ದಿನಕ್ಕೆ 6.3 ಕೆಜಿ. ಕೆಜಿಗೆ 26 ರೂಪಾಯಿಯಂತೆ ವಾರಕ್ಕೆ ಸುಮಾರು 1,150. ಹಸಿರು ಹುಲ್ಲು ಸ್ವಂತದ್ದು ಎಂದುಕೊಂಡರೆ ಕಂತು ಕಟ್ಟಿಯೂ ವಾರಕ್ಕೆ 800 ರೂಪಾಯಿ ಕೈಯಲ್ಲಿ ಉಳಿಯುತ್ತದೆ. ಸಾಲ ಕೊಡುವಾಗ ತೋರಿಸುವ ಲೆಕ್ಕ ಇದೇ. ಸುಳ್ಳಲ್ಲ, ಆದರೆ ಮೊದಲ ಕೆಲವು ತಿಂಗಳಿನದು ಮಾತ್ರ.

ಎಂಟನೇ ತಿಂಗಳ ಹೊತ್ತಿಗೆ ಅದೇ ಹಸು 6 ಲೀಟರಿಗೆ ಇಳಿದಿರುತ್ತದೆ. ಡೇರಿಗೆ 5 ಲೀಟರ್, ವಾರಕ್ಕೆ 1,225 ರೂಪಾಯಿ. ಹಿಂಡಿಗೆ 710 ಹೋದರೆ ಉಳಿಯುವುದು 515. ಕಂತು ಮಾತ್ರ ಅದೇ 730. ಹತ್ತು ತಿಂಗಳಾದ ಮೇಲೆ, ಕರು ಹಾಕುವ 60 ದಿನ ಮೊದಲು ಹಾಲು ಬತ್ತಿಸಲೇಬೇಕು, ಇಲ್ಲದಿದ್ದರೆ ಮುಂದಿನ ಸೂಲಿನ ಹಾಲು ಕೈಕೊಡುತ್ತದೆ. ಆ ಎರಡು ತಿಂಗಳು ಬಟವಾಡೆ ಇಲ್ಲ. ಗಬ್ಬದ ಹಸುವಿಗೆ ದಿನಕ್ಕೆ ಎರಡೂವರೆ ಕೆಜಿ ಹಿಂಡಿ ಬೇಕೇ ಬೇಕು. ಹಿಂಡಿ, ಕಂತು ಎರಡೂ ಸೇರಿ ವಾರಕ್ಕೆ 1,185, ಎರಡು ತಿಂಗಳಿಗೆ ಸುಮಾರು 10,000 ರೂಪಾಯಿ ಬೇರೆ ಎಲ್ಲಿಂದಲೋ ಬರಬೇಕು.

ಮನೆಯ ನಡವಳಿಕೆ ಬದಲಾಗುವುದು ಇಲ್ಲಿ, ಅದೂ ಒಂದು ಕ್ರಮದಲ್ಲಿ. ಮೊದಲು ಮನೆಗೆ ಇಟ್ಟುಕೊಳ್ಳುತ್ತಿದ್ದ ಆ ಒಂದು ಲೀಟರ್ ಡೇರಿಗೆ ಹೋಗುತ್ತದೆ. ಹಸು ಕಟ್ಟಿದ ಮನೆಯ ಮಕ್ಕಳು ಕಪ್ಪು ಟೀ ಕುಡಿಯುತ್ತಾರೆ. ಆಮೇಲೆ ಖನಿಜ ಮಿಶ್ರಣದ ಪೊಟ್ಟಣ ನಿಲ್ಲುತ್ತದೆ, ಏಕೆಂದರೆ ಅದನ್ನು ನಿಲ್ಲಿಸಿದರೆ ನಾಳೆಯೇ ಹಾಲು ಕಡಿಮೆಯಾಗುವುದಿಲ್ಲ. ನಂತರ ಹಿಂಡಿ ಅರ್ಧವಾಗುತ್ತದೆ. ಪೆಟ್ಟು ಕಾಣುವುದು ಕರು ಹಾಕಿದ ಮೇಲೆ: ಹಸು ಸಮಯಕ್ಕೆ ಬೆದೆಗೆ ಬರುವುದಿಲ್ಲ, ಬಂದರೂ ಗಬ್ಬ ನಿಲ್ಲುವುದಿಲ್ಲ, 13 ತಿಂಗಳಿಗೊಮ್ಮೆ ಕರು ಹಾಕಬೇಕಾದದ್ದು ಒಂದೂವರೆ ವರ್ಷಕ್ಕೆ ಹೋಗುತ್ತದೆ. ಹೀಗೆ 730 ರೂಪಾಯಿಯ ಕಂತು ಹಸುವಿನ ಗರ್ಭಕೋಶದವರೆಗೂ ಕೈ ಚಾಚುತ್ತದೆ. ಬಡ್ಡಿ ದರ ಎರಡು ಪಾಯಿಂಟ್ ಇಳಿದಿದ್ದರೆ ವಾರದ ಕಂತು ಹತ್ತಿಪ್ಪತ್ತು ರೂಪಾಯಿ ಕಡಿಮೆಯಾಗುತ್ತಿತ್ತು, ಅಷ್ಟೆ. ಬತ್ತಿದ ಎರಡು ತಿಂಗಳಿಗೆ ಕಂತಿಗೆ ಬಿಡುವು ಕೊಟ್ಟಿದ್ದರೆ ಇಡೀ ಕಥೆಯೇ ಬೇರೆ.

ಅನುಭವಸ್ಥರು ಇದಕ್ಕೆ ಎರಡು ದಾರಿ ಕಂಡುಕೊಂಡಿದ್ದಾರೆ. ಒಂದು, ಐದಾರು ತಿಂಗಳ ಅಂತರದಲ್ಲಿ ಕರು ಹಾಕುವ ಎರಡು ಹಸು ಕಟ್ಟುವುದು, ಒಂದು ಬತ್ತಿದಾಗ ಇನ್ನೊಂದು ಕೊಡುವಂತೆ. ಎರಡನೆಯದು, ಹಾಲು ತುಂಬಿದ ದಿನಗಳಲ್ಲೇ ವಾರಕ್ಕೆ 300 ರೂಪಾಯಿ ಬೇರೆ ಖಾತೆಗೆ ಹಾಕುವುದು. 34 ವಾರಕ್ಕೆ 10,200 ಆಗುತ್ತದೆ, ಬತ್ತಿದ ಕಾಲಕ್ಕೆ ಸರಿಯಾಗಿ ಸಾಲುತ್ತದೆ. ಹೇಳಲು ಸುಲಭ. ಆದರೆ ಕೈಯಲ್ಲಿ 800 ಉಳಿಯುವ ದಿನಗಳಲ್ಲೇ ಫೋನಿನ ಕಂತೋ ಹೊಸ ಚೀಟಿಯೋ ಮನೆ ಸೇರಿರುತ್ತದೆ. ಕೆಲವರು ಆ ದುಡ್ಡನ್ನು ಸಾಲಕ್ಕೇ ಮುಂಗಡ ಕಟ್ಟುತ್ತಾರೆ. ಸಂಘದ ಇಂಥ ಕಿರುಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ ನಿಜ. ಆದರೆ ಸ್ವಲ್ಪ ಮುಂಗಡ ಕಟ್ಟಿದರೆ ಸಾಮಾನ್ಯವಾಗಿ ಅವಧಿ ಕುಗ್ಗುತ್ತದೆ, ಮುಂದಿನ ವಾರದ ಕಂತು ತಪ್ಪುವುದಿಲ್ಲ. ಹೀಗಾಗಿ ಮುಂಗಡಕ್ಕಿಂತ ಬೇರೆ ಖಾತೆಯೇ ವಾಸಿ.

ಗುಂಪಿನ ಹೊಣೆ ಇದಕ್ಕೆ ಇನ್ನೊಂದು ತಿರುವು ಕೊಡುತ್ತದೆ. ಐದಾರು ಜನರ ಗುಂಪಿನಲ್ಲಿ ಒಬ್ಬರು ಕಟ್ಟದಿದ್ದರೆ ಉಳಿದವರು ಸೇರಿ ಹಾಕಬೇಕು, ಹಾಕುವವರೆಗೆ ಮೀಟಿಂಗ್ ಏಳುವುದಿಲ್ಲ. ಮರ್ಯಾದೆಯ ಪ್ರಶ್ನೆ. ಆದ್ದರಿಂದ ಊಟ, ಔಷಧಿ, ಶಾಲೆ ಫೀಸು ಎಲ್ಲಕ್ಕಿಂತ ಮೊದಲು ಕಂತು. ಅಂಗಡಿಯ ಉದ್ರಿ ಪುಸ್ತಕ ಉದ್ದವಾದರೂ ಸಂಘದ ಪುಸ್ತಕದಲ್ಲಿ ಬಾಕಿ ಕಾಣದು. ಒಂದು ಸಂಘದ ಕಂತಿಗೆ ಇನ್ನೊಂದು ಸಂಘದ ಸಾಲ ಬರುವುದೂ ಹೀಗೆಯೇ. ಹೊರಗಿನಿಂದ ನೋಡಿದರೆ ವಸೂಲಿ ನೂರಕ್ಕೆ ನೂರು. ಒಳಗೆ ಸಾಲ ಸಾಲವನ್ನು ತಿನ್ನುತ್ತಿರುತ್ತದೆ.

ರಿಸರ್ವ್ ಬ್ಯಾಂಕ್ 2022ರ ಏಪ್ರಿಲ್ 1ರಿಂದ ಜಾರಿಗೆ ತಂದ ಕಿರುಸಾಲ ನಿಯಮ ಇದನ್ನು ತಡೆಯಲೆಂದೇ ಬಂದದ್ದು. ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯ ಇರುವ ಕುಟುಂಬಕ್ಕೆ ಅಡಮಾನ ಇಲ್ಲದೆ ಕೊಡುವ ಸಾಲ ಕಿರುಸಾಲ. ಕುಟುಂಬದ ಎಲ್ಲ ಸಾಲಗಳ ಕಂತೂ ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ತಿಂಗಳಿಗೆ 20,000 ಬರುವ ಮನೆಗೆ ಕಂತು 10,000 ದಾಟುವಂತಿಲ್ಲ. ನಿಯಮ ಚೆನ್ನಾಗಿದೆ, ಎರಡು ತೂತುಗಳಿವೆ. ಒಂದನೆಯದು, ಯಾರಿಗೆ ಎಷ್ಟು ಸಾಲ ಇದೆ ಎಂಬ ದಾಖಲೆ ಇಡುವ ಕ್ರೆಡಿಟ್ ಬ್ಯೂರೋದ ವರದಿಯಲ್ಲಿ ಊರಿನ ಚೀಟಿ, ಗಿರವಿ ಅಂಗಡಿಯ ಸಾಲ, ನೆಂಟರ ಕೈಸಾಲ ಯಾವುದೂ ಕಾಣುವುದಿಲ್ಲ. ಎರಡನೆಯದು, ತಿಂಗಳ ಆದಾಯ ಎಂಬುದು ವರ್ಷದ್ದನ್ನು ಹನ್ನೆರಡರಿಂದ ಭಾಗಿಸಿದ ಸಂಖ್ಯೆ. ಸರಾಸರಿಯಲ್ಲಿ 20,000 ಇರುವ ಮನೆಗೆ ಜೂನ್‌ನಲ್ಲಿ 6,000 ಬರಬಹುದು, ಸುಗ್ಗಿಯಲ್ಲಿ 60,000. ಸರಾಸರಿಯಿಂದ ಯಾರೂ ಕಂತು ಕಟ್ಟಲಾರರು. ವಸೂಲಿಯ ಕಿರುಕುಳ ರಾಜ್ಯದಲ್ಲಿ ಮಿತಿ ಮೀರಿದಾಗ 2025ರ ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದು ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಇಟ್ಟಿತು. ಬಾಗಿಲಿಗೆ ಬಂದು ಕೂಗಾಡುವವರನ್ನು ಕಾನೂನು ತಡೆಯಬಹುದು. ಕಂತಿನ ಬುಧವಾರವನ್ನು ಹಿಂದೆ ಮುಂದೆ ಮಾಡುವ ಕೆಲಸ ಅದರದ್ದಲ್ಲ.

ವಾರದ ಸಾಲಕ್ಕೆ ಪೂರ್ತಿ ಉಲ್ಟಾ ಬೆಳೆಸಾಲ. ವರ್ಷವಿಡೀ ಕಂತಿನ ತಲೆನೋವಿಲ್ಲ, ಗಡುವಿನ ದಿನ ಮಾತ್ರ ಪೂರ್ತಿ ಕಟ್ಟಬೇಕು. ಕರ್ನಾಟಕದಲ್ಲಿ ಸಹಕಾರ ಸಂಘಗಳ ಮೂಲಕ ಕೊಡುವ ಶೂನ್ಯ ಬಡ್ಡಿಯ ಅಲ್ಪಾವಧಿ ಸಾಲದ ಮಿತಿಯನ್ನು 2023–24ರ ಬಜೆಟ್‌ನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಲಾಯಿತು. ಶೂನ್ಯ ಬಡ್ಡಿ ಸಿಗುವುದು ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ. ಗಡುವು ಬರುವ ಹೊತ್ತಿಗೆ ರಾಗಿಯ ದುಡ್ಡು ಮಗಳ ಮದುವೆಗೆ ಹೋಗಿರುತ್ತದೆ, ಇಲ್ಲವೇ ಅಡಿಕೆಗೆ ಇನ್ನೂ ರೇಟು ಬಂದಿರುವುದಿಲ್ಲ. ಆಗ ರೈತ ಕೈಸಾಲ ತಂದು ಸೊಸೈಟಿಗೆ ಕಟ್ಟಿ, ಸಾಲ ನವೀಕರಣವಾಗಿ ದುಡ್ಡು ಮತ್ತೆ ಖಾತೆಗೆ ಬಂದ ದಿನ ಕೈಸಾಲ ತೀರಿಸುತ್ತಾನೆ. ಸೊನ್ನೆ ಬಡ್ಡಿಯ ಸಾಲ ಉಳಿಸಿಕೊಳ್ಳಲು ಮೂರು ರೂಪಾಯಿ ಬಡ್ಡಿಗೆ ಸಾಲ! ಕೇಳಿದರೆ ನಗು ಬರುತ್ತದೆ, ಲೆಕ್ಕ ಹಾಕಿದರೆ ಬರುವುದಿಲ್ಲ. 1 ಲಕ್ಷಕ್ಕೆ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಎಂದರೆ, ಒಂದು ವಾರಕ್ಕೆ ತಂದರೂ ಇಡೀ ತಿಂಗಳಿನದು ಕಿತ್ತುಕೊಂಡರೂ 3,000. ಗಡುವು ತಪ್ಪಿ ವರ್ಷದ ಬಡ್ಡಿಯನ್ನು ಶೇ 7ರಂತೆ ಹಾಕಿದರೂ 7,000. ಅಂದರೆ 4,000 ಉಳಿತಾಯ, ಮುಂದಿನ ವರ್ಷದ ಸಾಲವೂ ಭದ್ರ.

ಈ ಲೆಕ್ಕ ಕೆಡುವುದು ನವೀಕರಣ ತಡವಾದಾಗ. ಪಹಣಿಯಲ್ಲಿ ಹೆಸರಿನ ಗೊಂದಲ, ಹೊಸ ಮಿತಿ ಮಂಜೂರಾಗದಿರುವುದು, ಕಾರ್ಯದರ್ಶಿ ರಜೆ ಹಾಕಿರುವುದು, ಏನೇ ಆದರೂ ಕೈಸಾಲ ಎರಡನೇ ತಿಂಗಳಿಗೆ ಕಾಲಿಟ್ಟರೆ 6,000. ಮೂರನೇ ತಿಂಗಳಿಗೆ ನಷ್ಟ. ಅದಕ್ಕೇ ಕೈಸಾಲ ತರುವ ಮೊದಲೇ ನವೀಕರಣದ ಕಾಗದ ಪತ್ರ ಎಲ್ಲ ಸರಿ ಇವೆಯೇ ಎಂದು ಸೊಸೈಟಿಯಲ್ಲಿ ಖಚಿತ ಮಾಡಿಕೊಂಡು, ಕಟ್ಟಿದ ದಿನವೇ ಅರ್ಜಿ ಕೊಡಬೇಕು. ಮಲೆನಾಡಿನಲ್ಲಿ ನವೀಕರಣವಾಗುವವರೆಗಿನ ಈ ದುಡ್ಡು ಅಡಿಕೆ ಮಂಡಿಯಿಂದಲೂ ಬರುತ್ತದೆ, ಎಷ್ಟೋ ಸಲ ಬಡ್ಡಿಯ ಮಾತೇ ಇಲ್ಲದೆ. ಬಡ್ಡಿ ಇಲ್ಲ ಎಂದರೆ ಬೆಲೆ ಇಲ್ಲ ಎಂದಲ್ಲ. ಮುಂಗಡ ತಂದವರು ಮುಂದಿನ ಅಡಿಕೆಯನ್ನು ಆ ಮಂಡಿಗೇ ಹಾಕುತ್ತಾರೆ, ರೇಟು ಏರುವವರೆಗೆ ಮನೆಯಲ್ಲಿ ಇಟ್ಟುಕೊಳ್ಳುವ ಸ್ವಾತಂತ್ರ್ಯ ಅರ್ಧ ಕಡಿಮೆಯಾಗುತ್ತದೆ.

ಎರಡು ಲಯಗಳ ನಡುವಿನ ಕಂದಕಕ್ಕೆ ಹೆಚ್ಚಿನ ಮನೆಗಳಲ್ಲಿ ಸೇತುವೆ ಚಿನ್ನ. ಅದನ್ನು ಕೊಳ್ಳುವಾಗಲೇ ಅಡ ಇಡುವ ದಿನವನ್ನು ಮನಸ್ಸು ಲೆಕ್ಕ ಹಾಕಿರುತ್ತದೆ. ಹರಳಿನ ನೆಕ್ಲೇಸಿಗಿಂತ ಗಟ್ಟಿ ಸರ, ಬಳೆಗಳ ಮೇಲೆ ಹಿರಿಯರಿಗೆ ಆಸೆ ಹೆಚ್ಚು. ಕಾರಣ ನೇರ: ಸಾಲ ಕೊಡುವವರು ಹರಳಿನ ತೂಕ ಕಳೆಯುತ್ತಾರೆ, ಮಜೂರಿ ಮತ್ತು ವೇಸ್ಟೇಜಿಗೆ ಕೊಟ್ಟ ದುಡ್ಡನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಹೊರಡಿಸಿದ, 2026ರ ಏಪ್ರಿಲ್ 1ರೊಳಗೆ ಜಾರಿಗೆ ಬರಬೇಕಾದ ನಿರ್ದೇಶನದಲ್ಲಿ ಮನೆಖರ್ಚಿನ ಚಿನ್ನದ ಸಾಲಕ್ಕೆ ಮೂರು ಹಂತಗಳಿವೆ. ಸಾಲ 2.5 ಲಕ್ಷದವರೆಗಾದರೆ ಚಿನ್ನದ ಬೆಲೆಯ ಶೇ 85, 2.5ರಿಂದ 5 ಲಕ್ಷದವರೆಗೆ ಶೇ 80, ಅದಕ್ಕೂ ಮೇಲೆ ಶೇ 75. ಬೆಲೆ ಕಟ್ಟುವುದು ಹಿಂದಿನ 30 ದಿನದ ಸರಾಸರಿ ಅಥವಾ ಹಿಂದಿನ ದಿನದ ದರ, ಯಾವುದು ಕಡಿಮೆಯೋ ಅದರ ಮೇಲೆ. 20 ಗ್ರಾಂ ಸರ, ಗ್ರಾಮಿಗೆ 9,000 ಎಂದು ಹಿಡಿಯಿರಿ. ಬೆಲೆ 1,80,000, ಅದರ ಶೇ 85 ಎಂದರೆ 1,53,000. ಆದರೆ ವರ್ಷದ ಕೊನೆಗೆ ಅಸಲು ಬಡ್ಡಿ ಒಟ್ಟಿಗೆ ಕಟ್ಟುವ ಸಾಲವಾದರೆ ಬಡ್ಡಿಯೂ ಸೇರಿ ಈ ಮಿತಿಯೊಳಗೆ ಇರಬೇಕು. ಶೇ 12ರ ಬಡ್ಡಿಯಾದರೆ ಕೈಗೆ ಬರುವುದು ಸುಮಾರು 1,36,600. ಕೌಂಟರಿನಲ್ಲಿ ‘ಯಾಕೆ ಕಡಿಮೆ ಕೊಟ್ರಿ?’ ಎಂಬ ಜಗಳಕ್ಕೆ ಎಷ್ಟೋ ಸಲ ಇದೇ ಉತ್ತರ.

ಒಟ್ಟಿಗೆ ಕಟ್ಟುವ ಸಾಲಕ್ಕೆ 12 ತಿಂಗಳ ಮಿತಿ ಇದೆ, ಬಾಕಿ ಬಡ್ಡಿ ಕಟ್ಟದೆ ನವೀಕರಿಸುವಂತಿಲ್ಲ. ಮೊದಲು ಬೆಲೆ ಏರಿದೆಯೆಂದು ಬಡ್ಡಿಯನ್ನೂ ಅಸಲಿಗೇ ಸೇರಿಸಿ ಅಡದ ಚೀಟಿ ಬದಲಾಯಿಸುತ್ತಿದ್ದರು, ಒಡವೆ ವರ್ಷಗಟ್ಟಲೆ ಲಾಕರಿನಲ್ಲೇ ಉಳಿಯುತ್ತಿತ್ತು. ಈಗ ವರ್ಷಕ್ಕೊಮ್ಮೆ ಬಡ್ಡಿಯ ಮಟ್ಟಿಗಾದರೂ ನಗದು ಹೊಂದಿಸಲೇಬೇಕು. ಸಾಲ ಪೂರ್ತಿ ತೀರಿಸಿದ ಮೇಲೆ ಒಡವೆಯನ್ನು ಅದೇ ದಿನ, ಹೆಚ್ಚೆಂದರೆ ಏಳು ಕೆಲಸದ ದಿನಗಳಲ್ಲಿ ಮರಳಿಸಬೇಕು. ಸಾಲ ಕೊಟ್ಟವರಿಂದಲೇ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಅಡ ಇಡುವ ದಿನವೇ ನಿವ್ವಳ ತೂಕ, ಕ್ಯಾರೆಟ್, ಕಳೆದ ತೂಕ ಎಲ್ಲ ಬರೆದ ಚೀಟಿಯನ್ನು ಪಡೆದು ಫೋಟೊ ತೆಗೆದಿಟ್ಟುಕೊಳ್ಳಿ. ಇನ್ನೊಂದು ವಿಷಯ ಯಾವ ನಿರ್ದೇಶನದಲ್ಲೂ ಬರುವುದಿಲ್ಲ: ಗಂಡನ ಬೈಕಿಗೋ ಬೋರ್‌ವೆಲ್ಲಿಗೋ ಬ್ಯಾಂಕಿಗೆ ಹೋಗುವುದು ಬಹುಪಾಲು ಹೆಂಡತಿಯ ತವರಿನ ಒಡವೆ. ಬಿಡಿಸಿಕೊಳ್ಳುವ ಆತುರ ಆಕೆಗಿರುವಷ್ಟು ಉಳಿದವರಿಗೆ ಇರುವುದಿಲ್ಲ.

ಚೀಟಿಯ ಗುಣವೇ ಬೇರೆ. ಎತ್ತುವವರೆಗೆ ಉಳಿತಾಯ, ಎತ್ತಿದ ಮೇಲೆ ಸಾಲ. 20 ಜನ, ತಲಾ 5,000, 20 ತಿಂಗಳು, 1 ಲಕ್ಷದ ಚೀಟಿ. ಮೂರನೇ ತಿಂಗಳ ಹರಾಜಿನಲ್ಲಿ ಒಬ್ಬರು 25,000 ಬಿಟ್ಟುಕೊಟ್ಟು ಕೂಗಿದರೆ ಕೈಗೆ 75,000 ಬರುತ್ತದೆ. ಬಿಟ್ಟ 25,000ದಲ್ಲಿ ಚೀಟಿ ನಡೆಸುವವರ ಶೇ 5 ಕಮಿಷನ್ 5,000 ಹೋಗಿ ಉಳಿದ 20,000 ಎಲ್ಲರಿಗೂ ಹಂಚಿಕೆ, ತಲಾ 1,000. ಆ ತಿಂಗಳು ಕಟ್ಟಬೇಕಾದದ್ದು 4,000. ಕೂಗು ಯಾವಾಗ ಜೋರಾಗುತ್ತದೆ ನೋಡಿದರೆ ಊರಿನ ಕಷ್ಟದ ಕ್ಯಾಲೆಂಡರೇ ಸಿಗುತ್ತದೆ: ಶಾಲೆ ಶುರುವಾಗುವ ಮೇ–ಜೂನ್, ಬಿತ್ತನೆ, ಗೌರಿ ಹಬ್ಬದ ಮುಂಚಿನ ವಾರ. ತುರ್ತಿಲ್ಲದವರು ಆ ತಿಂಗಳುಗಳಲ್ಲಿ ಸುಮ್ಮನೆ ಕೂತು ಹಂಚಿಕೆ ತಿನ್ನುತ್ತಾರೆ. ಮುರಿಯುವುದು ಯಾವಾಗಲೂ ಒಂದೇ ಕಡೆ: ಬೇಗ ಎತ್ತಿದವರು ಆಮೇಲೆ ಕಟ್ಟುವುದನ್ನು ನಿಲ್ಲಿಸುತ್ತಾರೆ, ಅಥವಾ ನಡೆಸುವವರೇ ಊರು ಬಿಡುತ್ತಾರೆ. 1982ರ ಚಿಟ್ ಫಂಡ್ ಕಾಯ್ದೆಯಂತೆ ನೋಂದಣಿ, ಭದ್ರತಾ ಠೇವಣಿ ಕಡ್ಡಾಯ. 2019ರ ತಿದ್ದುಪಡಿ ಕಮಿಷನ್ ಮಿತಿಯನ್ನು ಶೇ 5ರಿಂದ ಶೇ 7ಕ್ಕೆ ಏರಿಸಿತು. ಊರಿನ ಚೀಟಿಗೆ ಇರುವ ಭದ್ರತೆ ಮುಖಪರಿಚಯ ಒಂದೇ. ಹಾಗಾಗಿ ಅದರಲ್ಲಿ ಕೊನೆಯವರೆಗೂ ಕಾಯುವ ಜಾಣರೇ ಹೆಚ್ಚು ಅಪಾಯದಲ್ಲಿರುತ್ತಾರೆ.

ಫೋನು, ಫ್ರಿಜ್, ಬೈಕಿನ ಕಂತಿನ ಬಗ್ಗೆ ಎರಡೇ ಮಾತು. ಮೊದಲನೆಯದು ‘ಫ್ಲ್ಯಾಟ್’ ದರ. 50,000ಕ್ಕೆ ಎರಡು ವರ್ಷ ಶೇ 12 ಫ್ಲ್ಯಾಟ್ ಎಂದರೆ ಬಡ್ಡಿ 12,000, ಕಂತು 2,583. ತೀರಿಸಿದ ಅಸಲಿನ ಮೇಲೂ ಬಡ್ಡಿ ಕಟ್ಟುತ್ತಲೇ ಇರುವುದರಿಂದ ನಿಜವಾದ ದರ ವರ್ಷಕ್ಕೆ ಸುಮಾರು ಶೇ 21.5. ಇದನ್ನು ತಿಳಿಯಲು ಕ್ಯಾಲ್ಕುಲೇಟರ್ ಬೇಕಿಲ್ಲ. 2024ರ ಅಕ್ಟೋಬರ್ 1ರಿಂದ ಬ್ಯಾಂಕು, ಫೈನಾನ್ಸ್ ಕಂಪನಿಗಳು ಎಲ್ಲ ಖರ್ಚು ಸೇರಿಸಿದ ವಾರ್ಷಿಕ ದರವನ್ನು ಕೆಎಫ್‌ಎಸ್ ಎಂಬ ಮುಖ್ಯಾಂಶದ ಹಾಳೆಯಲ್ಲಿ, ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು. ಕನ್ನಡದಲ್ಲಿ ಕೇಳಿ. ಎರಡನೆಯದು ಖಾತೆಯಿಂದ ಕಂತು ತಾನಾಗಿ ಕಡಿತವಾಗುವ ತಾರೀಖು. ಸಂಬಳ 7ಕ್ಕೋ 10ಕ್ಕೋ ಬರುವವರಿಗೆ 5ನೇ ತಾರೀಖಿನ ಕಂತು ಹಾಕಿದರೆ ಪ್ರತಿ ತಿಂಗಳೂ ಬೌನ್ಸ್. ಬ್ಯಾಂಕಿನ ದಂಡ ಬೇರೆ, ಸಾಲ ಕೊಟ್ಟವರ ದಂಡ ಬೇರೆ, ಕ್ರೆಡಿಟ್ ಸ್ಕೋರಿಗೆ ಪೆಟ್ಟು ಬೇರೆ. ದುಡ್ಡಿದ್ದೂ ಬಾಕಿದಾರರಾಗುವುದು ಅಂದರೆ ಇದು. ಸಹಿ ಹಾಕುವ ಮುಂಚೆ ತಾರೀಖು ಬದಲಿಸಿ ಎನ್ನಲು ಐದು ನಿಮಿಷ ಸಾಕು, ಆಮೇಲಾದರೆ ತಿಂಗಳುಗಟ್ಟಲೆ ಓಡಾಟ.

ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ಎಷ್ಟೋ ಮನೆಗಳು ಒಂದು ಕಂತಿಗೆಂದೇ ಗಂಟು ಹಾಕಿವೆ. ಮನೆಯೊಡತಿಯ ಖಾತೆಗೇ ನೇರವಾಗಿ ಬರುವ ದುಡ್ಡು, ಹಾಗಾಗಿ ಆಕೆಯ ಹೆಸರಿನ ಸಾಲಕ್ಕೆ ಹೇಳಿ ಮಾಡಿಸಿದಂತಿದೆ. ಮೊತ್ತ ನಿಶ್ಚಿತ, ತಾರೀಖು ಮಾತ್ರ ನಿಶ್ಚಿತವಲ್ಲ. ಇದನ್ನು ನಂಬಿ ಕಂತು ಒಪ್ಪುವವರು ಎರಡು ತಿಂಗಳ ಮೊತ್ತವನ್ನು ಮೊದಲೇ ಖಾತೆಯಲ್ಲಿ ಮುಟ್ಟದೆ ಇಟ್ಟಿರಬೇಕು.

ಹೊಸ ಸಾಲಕ್ಕೆ ಒಪ್ಪುವ ಮುನ್ನ ಗೋಡೆಯ ಕ್ಯಾಲೆಂಡರನ್ನು ಇಳಿಸಿ ಹನ್ನೆರಡು ಹಾಳೆಗಳ ಮೇಲೂ ಎರಡು ಬಣ್ಣದಲ್ಲಿ ಗುರುತು ಹಾಕಿ. ದುಡ್ಡು ಬರುವ ದಿನ ಒಂದು ಬಣ್ಣ, ಹೋಗುವ ದಿನ ಇನ್ನೊಂದು. ಬಟವಾಡೆ, ಕೂಲಿ, ಸಂಬಳ, ಗೂಡು, ಸುಗ್ಗಿ ಒಂದು ಕಡೆ. ಸಂಘ, ಚೀಟಿ, ಚಿನ್ನದ ಬಡ್ಡಿ, ಸೊಸೈಟಿ ಗಡುವು, ಫೀಸು, ಹಬ್ಬ ಇನ್ನೊಂದು ಕಡೆ. ಹಸು ಬತ್ತುವ ಎರಡು ತಿಂಗಳನ್ನು ಪೂರ್ತಿ ಹೊಡೆದುಹಾಕಿ. ಗೆರೆಗಳೆಲ್ಲ ಬಿದ್ದ ಮೇಲೆ, ಬರುವ ಬಣ್ಣವೇ ಕಾಣದ ನಾಲ್ಕೋ ಐದೋ ವಾರ ಯಾವ ಹಾಳೆಯಲ್ಲಾದರೂ ಸಿಕ್ಕೇ ಸಿಗುತ್ತದೆ. ಹೊಸ ಸಾಲದವರ ಮುಂದೆ ಆ ಹಾಳೆ ಇಟ್ಟುಕೊಂಡು ಕೂತು, ಆ ವಾರಗಳ ಕಂತಿಗೆ ಏನು ಮಾಡುತ್ತೀರಿ ಎಂದು ಮೊದಲು ಅವರನ್ನೇ ಕೇಳಿ.